ದೊಡ್ಡಪ್ಪನ ಮಳೆ ಲೆಕ್ಕ: ಹಳೇ ಫೈಲು ತೆಗೆಯಲು ನಾನು ಹಿಡಿದ ದಾರಿಗಳು

ಸೋಮವಾರಪೇಟೆ ಕಡೆ ನಮ್ಮ ದೊಡ್ಡಪ್ಪನ ಕಾಫಿ ತೋಟ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುವುದು ಕೊಡಗಿನ ತೋಟದವರಿಗೆ ಹಲ್ಲುಜ್ಜಿದಷ್ಟೇ ಮಾಮೂಲಿ. ದೊಡ್ಡಪ್ಪ ಸ್ವಲ್ಪ ಜಾಸ್ತಿ. 1991ರಲ್ಲೇ ಕಂಪ್ಯೂಟರ್ ತಂದು ಅದರಲ್ಲಿ ಬರೆಯಲು ಶುರು ಮಾಡಿದ್ದರು. ಮೊದಲು ವರ್ಡ್‌ಸ್ಟಾರ್ ಅನ್ನುವ ಹಳೇ ಬರವಣಿಗೆ ಪ್ರೋಗ್ರಾಮಿನಲ್ಲಿ ಇಂಗ್ಲಿಷು, 2002ರಿಂದ ನುಡಿ ಫಾಂಟ್‌ನಲ್ಲಿ ಕನ್ನಡ. ನಡುವೆ ನಾಲ್ಕು ವರ್ಷ ಏನೂ ಇಲ್ಲ. ಸಿಡಿಲಿಗೆ ಕಂಪ್ಯೂಟರ್ ಹೋಗಿತ್ತು.

ಈ ವರ್ಷ ಅವರಿಗೆ ಆ ಲೆಕ್ಕ ಬೇಕಾಯಿತು. "ಮಾರಾಯ, ಮೊದಲೆಲ್ಲ ಹೂಮಳೆ ಯಾವ ತಾರೀಕಿಗೆ ಬೀಳ್ತಿತ್ತು ಅಂತ ನೋಡ್ಬೇಕು. ಸ್ಪ್ರಿಂಕ್ಲರ್ ಹಚ್ಚೋಕೆ ಒಂದು ಅಂದಾಜು ಸಿಗುತ್ತೆ" ಅಂದರು. ಹೂಮಳೆ ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ. ಕೈಗೆ ಒಂದು ಬಿಸ್ಕೆಟ್ ಡಬ್ಬ ಕೊಟ್ಟರು. ಒಳಗೆ ಹನ್ನೊಂದು ಫ್ಲಾಪಿ, ಒಂದು ಸಿಡಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಪ್ರಿಂಟು.

ಮೂರೂವರೆ ಇಂಚಿನ ಫ್ಲಾಪಿ ಓದಲು ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವ್ ಸಾಕು. ಹನ್ನೊಂದರಲ್ಲಿ ಒಂಬತ್ತು ಓದಿತು. ಉಳಿದ ಎರಡಕ್ಕೆ ಬೂಷ್ಟು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಫ್ಲಾಪಿ ಬಿಡುತ್ತದಾ? ಲೋಹದ ಮುಚ್ಚಳ ಸರಿಸಿ ನೋಡಿ, ಬಿಳಿ ಚುಕ್ಕೆ ಕಂಡರೆ ಅದನ್ನು ಕೊನೆಗೆ ಹಾಕಿ. ಮೊದಲೇ ಹಾಕಿದರೆ ಡ್ರೈವಿನ ಹೆಡ್‌ಗೆ ಅಂಟಿಕೊಂಡು ಮುಂದಿನದ್ದನ್ನೂ ಕೆಡಿಸುತ್ತದೆ.

ಮೊದಲು ವರ್ಡ್‌ಸ್ಟಾರ್. ಈ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಧಂಬರ್ಧ ಓದಬಹುದು, ಆದರೆ ಪದಗಳ ಕೊನೇ ಅಕ್ಷರ ಕೆಟ್ಟಿರುತ್ತದೆ. 'ರೈನ್' ಅನ್ನುವ ಇಂಗ್ಲಿಷ್ ಪದದ ಕೊನೆಗೆ ಎನ್ ಬದಲು ಟೋಪಿ ಹಾಕಿಕೊಂಡ ಐ ಕೂತಿರುತ್ತದೆ. ಕಂಪ್ಯೂಟರ್ ಒಂದೊಂದು ಅಕ್ಷರವನ್ನು ಒಂದು ಬೈಟಿನಲ್ಲಿ, ಅಂದರೆ ಎಂಟು ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು) ಇಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು ಅಲ್ವಾ, ಖಾಲಿ ಇದ್ದ ಎಂಟನೇ ಬಿಟ್ಟನ್ನು ಹಳೇ ವರ್ಡ್‌ಸ್ಟಾರ್ 'ಪದ ಇಲ್ಲಿಗೆ ಮುಗಿಯಿತು' ಅನ್ನಲು ಬಳಸಿಕೊಂಡಿತ್ತು.

ಇದಕ್ಕೆ ಎರಡು ದಾರಿ ನೋಡಿದೆ. ಒಂದು, ಹಳೇ ಡಾಸ್ ಪ್ರೋಗ್ರಾಮುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ವರ್ಡ್‌ಸ್ಟಾರನ್ನೇ ಓಡಿಸುವುದು. ಕೆನಡಾದ ಲೇಖಕ ರಾಬರ್ಟ್ ಸಾಯರ್ 2024ರಲ್ಲಿ ವರ್ಡ್‌ಸ್ಟಾರ್ 7ನ್ನು ಕೈಪಿಡಿಗಳ ಸಮೇತ ಒಟ್ಟು ಮಾಡಿ ಇಂಟರ್ನೆಟ್‌ಗೆ ಹಾಕಿದ್ದಾರೆ. ಅದರಲ್ಲಿ ಫೈಲು ತೆರೆದು, ಪ್ರಿಂಟರಿಗೆ ಬದಲು ಬರೀ ಅಕ್ಷರಗಳ ಫೈಲಿಗೆ ಪ್ರಿಂಟ್ ಕೊಟ್ಟರೆ ಆಯಿತು. ನೋಡಲು ಬಹಳ ಚೆಂದ. ಆ ನೀಲಿ ಪರದೆ ಕಂಡು ದೊಡ್ಡಪ್ಪ ಹತ್ತು ನಿಮಿಷ ಅಲ್ಲಿಂದ ಏಳಲಿಲ್ಲ. ಇನ್ನೊಂದು ದಾರಿ ಪೈಥಾನ್ ಭಾಷೆಯಲ್ಲಿ ಐದು ಸಾಲಿನ ಪ್ರೋಗ್ರಾಮು: ಪ್ರತಿ ಬೈಟಿನ ಎಂಟನೇ ಬಿಟ್ಟು ಅಳಿಸು, ಅಷ್ಟೇ. ಬೋಲ್ಡ್, ಅಂಡರ್‌ಲೈನ್‌ಗಳ ಗುರುತು ಕಸದ ಹಾಗೆ ಅಲ್ಲಲ್ಲಿ ಉಳಿಯುತ್ತದೆ.

ಡಾಸ್‌ಬಾಕ್ಸ್‌ನದ್ದೇ ಅಚ್ಚುಕಟ್ಟು ಅಂದುಕೊಂಡಿದ್ದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೆಲವು ದಿನದ ಮಳೆಯೇ ಇಲ್ಲ! ಸುಮ್ನೆ ಹುಡುಕಿ ಹುಡುಕಿ ಸಾಕಾಯಿತು. ವಿಷಯ ಇಷ್ಟೇ: ವರ್ಡ್‌ಸ್ಟಾರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಸಾಲು ಪ್ರಿಂಟರಿಗೆ ಕೊಡುವ ಆಜ್ಞೆ, ಅದು ಅಚ್ಚಾಗುವುದಿಲ್ಲ. ದೊಡ್ಡಪ್ಪ ಕೆಲವು ಕಡೆ 40 ಸೆಂಟು ಮಳೆಯನ್ನು ಸೊನ್ನೆ ಬಿಟ್ಟು, ಸಾಲಿನ ಮೊದಲಲ್ಲೇ ಚುಕ್ಕಿ ಹಾಕಿ '.40' ಅಂತ ಬರೆದಿದ್ದರು. ಅದನ್ನೆಲ್ಲ ವರ್ಡ್‌ಸ್ಟಾರ್ ಸದ್ದಿಲ್ಲದೆ ನುಂಗಿತ್ತು. ಐದು ಸಾಲಿನ ಪ್ರೋಗ್ರಾಮು ಕಸವನ್ನೂ ಉಳಿಸಿತ್ತು, ಮಳೆಯನ್ನೂ ಉಳಿಸಿತ್ತು. ನನ್ನ ಓಟು ಅದಕ್ಕೇ.

ಕನ್ನಡದ ಫೈಲುಗಳ ಕಥೆ ಬೇರೆ. ಅವು ಸಿಡಿಯಲ್ಲಿದ್ದವು, ಲಿಬ್ರೆ ಆಫೀಸ್‌ನಲ್ಲಿ ಸಲೀಸಾಗಿ ತೆರೆದವು. ನುಡಿ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ, ತೆಗೆದರೆ ಮಾಯ. ಯಾಕೆಂದರೆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. 'ಕನ್ನಡ' ಅಂತ ಮೂರಕ್ಷರ ಬರೆದರೆ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸು, ಕ್ಯೂ, ಮತ್ತೊಂದು ಎ. ಒಟ್ಟು ಏಳು. ಫಾಂಟು ಅದಕ್ಕೆಲ್ಲ ಕನ್ನಡದ ವೇಷ ಹಾಕುತ್ತದೆ. ಹಾಗಾಗಿ 'ಹೂಮಳೆ' ಅಂತ ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರುಗಳು ಪುಕ್ಕಟೆ ಸಿಗುತ್ತವೆ. ಮೂರು ನೋಡಿದೆ. ಒಂದಕ್ಕೆ ಅರ್ಕಾವತ್ತೇ ಗೊತ್ತಿರಲಿಲ್ಲ. ನುಡಿಯಲ್ಲಿ 'ವರ್ಷ'ದ ಅರ್ಕಾವತ್ತು ಷ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಅದನ್ನು ಅಲ್ಲೇ ಬಿಟ್ಟೆ. ಉಳಿದ ಎರಡೂ ಹೆಚ್ಚುಕಡಿಮೆ ಒಂದೇ. 'ಎಸ್ಟೇಟ್‌ನಲ್ಲಿ' ಅನ್ನುವುದು 'ಎಸ್ಟೇಟ್ನಲ್ಲಿ' ಆಗಿ ಟಕಾರಕ್ಕೆ ನಕಾರ ಜೋತುಬಿತ್ತು. ದೊಡ್ಡಪ್ಪ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಕಾಫಿ' ಅಂತ ಬರೆದ ಕಡೆಯೆಲ್ಲ 'ಅಔಈಈಇಇ' ಅಂತ ಬಂತು. ತೋಟದಲ್ಲಿ ಯಾರಿಗೋ ಜೇನು ಕಚ್ಚಿದ ಹಾಗೆ! ಲಿಬ್ರೆ ಆಫೀಸ್‌ನಲ್ಲಿ ಫಾಂಟ್ ಹೆಸರು ಹಿಡಿದು ಹುಡುಕಬಹುದು. ನುಡಿ ಇರುವ ಭಾಗ ಮಾತ್ರ ಆರಿಸಿ ತಿರುಗಿಸಿದೆ, ಜೇನು ಹೋಯಿತು.

ಸಿಡಿಯಲ್ಲಿ 2006ರ ಫೈಲು ಇರಲಿಲ್ಲ. ಅದರದ್ದು ಪ್ರಿಂಟು ಮಾತ್ರ. ಸ್ಕ್ಯಾನ್ ಮಾಡಿ ಗೂಗಲ್ ಡಾಕ್ಸ್‌ನಿಂದ ಓದಿಸಿದೆ. ಟೆಸರಾಕ್ಟ್ ಅನ್ನುವ ಪುಕ್ಕಟೆ ಪ್ರೋಗ್ರಾಮಿನಲ್ಲೂ ಓದಿಸಿದೆ, ಅದಕ್ಕೂ ಕನ್ನಡ ಬರುತ್ತದೆ. ನನ್ನ ಕಾಗದಗಳ ಮಟ್ಟಿಗೆ ಗೂಗಲ್‌ನದ್ದು ಚೆನ್ನಾಗಿತ್ತು. ಪುಟ ನೋಡಿದರೆ ಮುತ್ತು ಪೋಣಿಸಿದ ಹಾಗೆ, ಒಂದು ತಪ್ಪೂ ಕಾಣದು. ಅಲ್ಲೇ ಮೋಸ ಹೋದೆ. ಪ್ರಿಂಟಿನಲ್ಲಿ ಇದ್ದದ್ದು ಕನ್ನಡ ಅಂಕಿ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಓದುತ್ತಾ ಜುಲೈ ಹತ್ತಿರ ನಿಂತರು.

"ಇದು ೯ ಅಲ್ಲ, ೬."

"ನಿಮಗೆ ಹೇಗೆ ಗೊತ್ತು ದೊಡ್ಡಪ್ಪ?"

"ಅವತ್ತು ಜೀಪಲ್ಲಿ ಮಡಿಕೇರಿಗೆ ಹೋಗಿ ಬಂದಿದ್ದೆ. ಒಂಬತ್ತು ಇಂಚು ಬಿದ್ದಿದ್ರೆ ಬರೋಕೆ ರಸ್ತೆ ಎಲ್ಲಿರ್ತಿತ್ತು?"

ಪ್ರಿಂಟು ತೆಗೆದು ನೋಡಿದೆ. ೬ ಇತ್ತು. ಕನ್ವರ್ಟರ್ 'ಅಔಈಈಇಇ' ಅಂದರೆ ಯಾರಿಗೂ ತಪ್ಪು ಅಂತ ತಿಳಿಯುತ್ತದೆ. ಜುಲೈಯಲ್ಲಿ ಒಂದೇ ದಿನ ಒಂಬತ್ತು ಇಂಚು ಅಂದರೆ ಕೊಡಗಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆಮೇಲೆ ಆ ವರ್ಷದ ಒಂದೊಂದು ಅಂಕಿಯನ್ನೂ ಇಬ್ಬರು ಕೂತು ನೋಡಿದೆವು, ಒಬ್ಬರು ಓದಿ, ಒಬ್ಬರು ಪ್ರಿಂಟಿನಲ್ಲಿ ಬೆರಳಿಟ್ಟು. ಎರಡು ಸಂಜೆ ಹಿಡಿಯಿತು.

ಟೈಪ್ ಮಾಡಿಸುವುದನ್ನೂ ಬಿಡಲಿಲ್ಲ. ಡಿಟಿಪಿ ಅಂಗಡಿಗೆ ಹತ್ತು ಪುಟ ಕೊಟ್ಟೆ. ಅಂಕಿಗಳೆಲ್ಲ ಸರಿ ಇದ್ದವು. ಆದರೆ ಹುಡುಗ ಹೊರಗಿನವನು, 'ಕಕ್ಕಡ' (ಕೊಡವರ ಮಳೆಗಾಲದ ತಿಂಗಳು) ಅಂತಿದ್ದದ್ದನ್ನೆಲ್ಲ ತಪ್ಪು ಅಂದುಕೊಂಡು 'ಕರ್ಕಾಟಕ' ಮಾಡಿದ್ದ. ಪಾಪ, ಒಳ್ಳೇದಕ್ಕೇ ಮಾಡಿದ್ದು. 'ಕಕ್ಕಡ 18, ಮದ್ದುಸೊಪ್ಪಿನ ಪಾಯಸ, ಮಳೆ 3.10' ಅನ್ನುವ ಸಾಲಿನಲ್ಲಿ ಕಕ್ಕಡ ಹೋದರೆ ಇನ್ನೇನು ಉಳಿಯಿತು?

ಬೂಷ್ಟು ಹಿಡಿದ ಎರಡು ಫ್ಲಾಪಿಯಲ್ಲಿ 1994ರ ಲೆಕ್ಕ ಇದೆ. ಸ್ಪಿರಿಟ್‌ನಲ್ಲಿ ಒರೆಸಿ ನೋಡಿದೆ, ಆಗಲಿಲ್ಲ. ಬಿಸಾಡೋಣ ಅಂದರೆ ದೊಡ್ಡಪ್ಪ ಬಿಡಲಿಲ್ಲ. ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಡಬ್ಬದಲ್ಲಿಟ್ಟು, ಮುಚ್ಚಳ ಬಿಗಿ ಮಾಡಿದರು.