ಉಪ್ಪು ಗಾಳಿಯ ಊರಲ್ಲಿ ಚೈನ್ ಸೆಟ್: ಸಾದಾನೋ, ಓ-ರಿಂಗೋ?

ಕಾರವಾರದಿಂದ ಅಂಕೋಲಾಕ್ಕೆ ಹೆದ್ದಾರಿ 66ರ ಮೇಲೆ ದಿನಾ ಓಡುವ ಗಾಡಿ, ಹಳೇ 150 ಸಿಸಿ ಬೈಕು, ಚೈನ್ ಅರ್ಧ ಬಯಲಲ್ಲೇ ಇದೆ ಅಂತಾದರೆ ನನ್ನ ವೋಟು ಓ-ರಿಂಗ್ ಸೆಟ್ಟಿಗೆ, ಅಂದರೆ ಕೊಂಡಿಗಳಲ್ಲಿ ರಬ್ಬರ್ ಬಳೆ ಕೂರಿಸಿದ ಚೈನಿನ ಸೆಟ್ಟಿಗೆ. ಒಂದೇ ಗಾಡಿಗೆ ಮೂರೂ ಬಗೆ ಹಾಕಿ ನೋಡಿಯಾಗಿದೆ: ಹಳೇ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಮೇಲೆ ಬರೀ ಹೊಸ ಚೈನು, ಡಬ್ಬಿಯಲ್ಲಿ ಬರುವ ಸಾದಾ ಸೆಟ್ಟು, ಆಮೇಲೆ ಓ-ರಿಂಗ್ ಸೆಟ್ಟು. ಓ-ರಿಂಗಿನಲ್ಲಿ ಒಂದು ದೊಡ್ಡ ತ್ರಾಸಿದೆ, ಅದರ ಲಾಕು, ಅಂದರೆ ಚೈನಿನ ಎರಡು ತುದಿ ಸೇರಿಸುವ ಕೊಂಡಿ. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಬರೀ ಚೈನ್ ಬದಲಿಸುವ ವಿಚಾರ ಬೇಗ ಮುಗಿಸಿಬಿಡೋಣ. ಐನೂರು, ಆರುನೂರರಲ್ಲಿ ಕೆಲಸ ಆಗುತ್ತದೆ, ಮೂರು ತಿಂಗಳಿಗೆ ಮತ್ತೆ ಕಟಕಟ ಸದ್ದು. ಹಳೇ ಹಲ್ಲುಗಳು ಹಳೇ ಚೈನಿನ ಅಳತೆಗೆ ಸವೆದು ಒಂದು ಕಡೆ ಕೊಕ್ಕೆಯ ಹಾಗೆ ಬಾಗಿರುತ್ತವೆ. ಹೊಸ ಚೈನಿನ ರೋಲರ್ ಆ ಹಲ್ಲಿನ ಬುಡಕ್ಕೆ ಕೂರುವುದಿಲ್ಲ, ತುದಿಯಲ್ಲಿ ಹತ್ತಿ ಇಳಿಯುತ್ತದೆ. ಇಡೀ ಎಳೆತ ಎರಡು ಮೂರು ಹಲ್ಲಿನ ಮೇಲೇ ಬಿದ್ದು ಹೊಸ ಚೈನೂ ಹಾಳಾಗುತ್ತದೆ. ಹಾಕಿದರೆ ಚೈನು, ಮುಂದಿನ ಸ್ಪ್ರಾಕೆಟ್ಟು, ಹಿಂದಿನ ಸ್ಪ್ರಾಕೆಟ್ಟು ಮೂರೂ ಹಾಕಿ, ಇಲ್ಲವೇ ಸುಮ್ಮನಿರಿ.

ಬದಲಿಸುವ ಹೊತ್ತು ಬಂದಿದೆಯೋ ಇಲ್ಲವೋ ಎಂದು ನೋಡಲು ಗ್ಯಾರೇಜಿಗೇ ಹೋಗಬೇಕಂತಿಲ್ಲ, ಟೇಪು ಸಾಕು. ಇಂಥ ಗಾಡಿಯ 428 ನಂಬರಿನ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಮೀ. ಕೆಳಗಿನ ಚೈನನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳೆಯಿರಿ. ಹೊಸದರಲ್ಲಿ 254 ಮಿಮೀ ಇರುತ್ತದೆ. 259 ಮುಟ್ಟಿದರೆ ಅದರ ಕಾಲ ಮುಗಿಯಿತು. ಒಂದೇ ಕಡೆ ಅಳೆಯಬೇಡಿ, ಚಕ್ರ ತಿರುಗಿಸಿ ಮೂರು ಕಡೆ ನೋಡಿ.

ಚೈನ್ ಎಳೆದುಕೊಂಡಿತು ಅಂತ ಎಲ್ಲರೂ ಹೇಳುತ್ತೇವಲ್ಲ, ಉಕ್ಕಿನ ಪ್ಲೇಟೇನೂ ಎಳೆದುಕೊಂಡಿರುವುದಿಲ್ಲ. ಒಳಗೆ ಪಿನ್ನೂ ಅದು ಕೂರುವ ಕೊಳವೆ ಬುಶ್ಶೂ ಉಜ್ಜಿ ಸವೆದಿರುತ್ತವೆ. 112 ಕೊಂಡಿಯ ಚೈನಿನಲ್ಲಿ ಕೊಂಡಿಗೆ 0.1 ಮಿಮೀ ಸವೆದರೂ ಒಟ್ಟು 11 ಮಿಮೀ ಉದ್ದ ಜಾಸ್ತಿ. ಸಾದಾ ಚೈನಿಗೂ ಓ-ರಿಂಗ್ ಚೈನಿಗೂ ಇರುವ ವ್ಯತ್ಯಾಸವೆಲ್ಲ ಈ ಸಂದಿಯಲ್ಲೇ ಇದೆ. ಸಾದಾ ಚೈನಿನಲ್ಲಿ ಆ ಸಂದಿಗೆ ಎಣ್ಣೆ ಹೊರಗಿನಿಂದ ಹೋಗಬೇಕು, ಎಣ್ಣೆ ಹೋಗುವ ದಾರಿಯಲ್ಲೇ ಉಪ್ಪುನೀರು, ಚಿರೆಕಲ್ಲಿನ ಕೆಂಪು ಹುಡಿ, ಹೊಯ್ಗೆ ಎಲ್ಲವೂ ಹೋಗುತ್ತವೆ. ಓ-ರಿಂಗ್ ಚೈನಿನಲ್ಲಿ ಕಂಪನಿಯವರೇ ಒಳಗೆ ಗ್ರೀಸು ತುಂಬಿ, ಎರಡು ಪ್ಲೇಟಿನ ನಡುವೆ ರಬ್ಬರ್ ಬಳೆ ಕೂರಿಸಿ ಬಾಯಿ ಮುಚ್ಚಿರುತ್ತಾರೆ.

ಸಾದಾ ಸೆಟ್ಟನ್ನು ಕೆಟ್ಟದ್ದು ಅನ್ನಲಾರೆ. ನಮ್ಮ ಗಾಡಿಗೆ 1,300ರ ಆಸುಪಾಸಿನಲ್ಲಿ ಸಿಕ್ಕಿತ್ತು, ಅರ್ಧ ದಿನದ ಕೆಲಸ, ಲಾಕು ಕೈಯಲ್ಲೇ ಕೂರುತ್ತದೆ. ಆದರೆ ಅದಕ್ಕೆ ಎಣ್ಣೆ ಬಿಡುತ್ತಲೇ ಇರಬೇಕು: 400-500 ಕಿಮೀಗೊಮ್ಮೆ 90 ನಂಬರ್ ಗೇರ್ ಆಯಿಲ್, ಮಳೆಗಾಲದಲ್ಲಿ ಗಾಡಿ ಚೆನ್ನಾಗಿ ನೆನೆದ ದಿನವೆಲ್ಲ ಸಂಜೆ ಒರೆಸಿ ಮತ್ತೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಶಿಸ್ತು ಯಾರಿಂದಾಗುತ್ತದೆ? ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ಚೈನು ಕಾಫಿಪುಡಿ ಬಣ್ಣ. ಎರಡು ಮಳೆಗಾಲ ಕಳೆದು, 14,000 ಕಿಮೀ ಹೊತ್ತಿಗೆ 259 ದಾಟಿತ್ತು. ಇಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನೇ ಚೈನಿಗೆ ಬಳಿಯುವ ಚಾಳಿ ಇಲ್ಲಿ ಬಹಳ. ಅದಕ್ಕೆ ಹೊಯ್ಗೆ ಅಂಟಿತೆಂದರೆ ಕಾನಸಿನಿಂದ ಉಜ್ಜಿದ ಹಾಗೆಯೇ.

ಓ-ರಿಂಗ್ ಸೆಟ್ಟಿಗೆ ಬಿದ್ದದ್ದು 2,200 ಚಿಲ್ಲರೆ. ಅದಕ್ಕೂ ಎಣ್ಣೆ ಬೇಕು. ಬೇಡ ಅಂತ ಹೇಳುವ ಅಂಗಡಿಯವರ ಮಾತು ನಂಬಬೇಡಿ. ಒಳಗಿನ ಪಿನ್ನಿಗೆ ಗ್ರೀಸು ಇರುತ್ತದೆ ನಿಜ, ರೋಲರಿಗೂ ಹೊರಗಿನ ಪ್ಲೇಟಿಗೂ ಇರುವುದಿಲ್ಲ, ರಬ್ಬರೂ ಒಣಗಿದರೆ ಬಿರಿಯುತ್ತದೆ. ಆದರೆ ಹದಿನೈದು ದಿನಕ್ಕೊಮ್ಮೆ ಎಣ್ಣೆ ಹಾಕಿದರೂ ನಡೆಯುತ್ತದೆ, ಮರೆತ ವಾರ ದಂಡ ಕೇಳುವುದಿಲ್ಲ. ತೊಳೆಯಲು ಸೀಮೆಎಣ್ಣೆ, ಸಿಗದಿದ್ದರೆ ಡೀಸೆಲ್, ಮೆತ್ತನೆ ಬ್ರಶ್ಶು. ಪೆಟ್ರೋಲ್ ಬೇಡ, ತಂತಿ ಬ್ರಶ್ಶಂತೂ ಬೇಡವೇ ಬೇಡ. ಸರ್ವೀಸ್ ಸ್ಟೇಷನ್ನಿನ ನೀರಿನ ಗನ್ನನ್ನು ಚೈನಿಗೆ ನೇರ ಹಿಡಿಯಲೂ ಬಿಡಬೇಡಿ, ಆ ಒತ್ತಡಕ್ಕೆ ರಬ್ಬರ್ ದಾಟಿ ನೀರು ಒಳಗೆ ನುಗ್ಗುತ್ತದೆ. ಈಗ 19,000 ದಾಟಿದೆ, ಅಳತೆ 256ರ ಹತ್ತಿರ ನಿಂತಿದೆ.

ಇನ್ನು ಲಾಕಿನ ಕತೆ. ಸಾದಾ ಚೈನಿನ ಲಾಕಿನಲ್ಲಿ ಹೊರ ಪ್ಲೇಟನ್ನು ಬೆರಳಲ್ಲಿ ಒತ್ತಿದರೆ ಕೂತಿತು, ಕ್ಲಿಪ್ ಹಾಕಿದರೆ ಮುಗಿಯಿತು. ಓ-ರಿಂಗ್ ಲಾಕಿನ ಹೊರ ಪ್ಲೇಟಿನ ತೂತು ಪಿನ್ನಿಗಿಂತ ಕೂದಲೆಳೆಯಷ್ಟು ಸಣ್ಣದು. ಕೈಯಲ್ಲಿ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ, ಕ್ಲಿಪ್ ಕೂರಬೇಕಾದ ಪಿನ್ನಿನ ತುದಿಯ ಸಣ್ಣ ಗೀರೇ ಹೊರಗೆ ಕಾಣುವುದಿಲ್ಲ. ಜೊತೆಗೆ ನಾಲ್ಕು ರಬ್ಬರ್ ಬಳೆ: ಎರಡು ಒಳಗಿನ ಕಡೆ, ಎರಡು ಹೊರ ಪ್ಲೇಟಿನ ಕಡೆ. ಒಂದು ಕೈಜಾರಿ ಮಣ್ಣಿಗೆ ಬಿದ್ದರೆ ಹುಡುಕುತ್ತ ಕೂರಬೇಕು. ಹಾಗಾಗಿ ಕೆಳಗೆ ಹಳೇ ಬಟ್ಟೆ ಹಾಸಿಕೊಂಡೇ ಶುರು ಮಾಡಿ.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಹಿಂದಿನಿಂದ ಒಂದು ಸುತ್ತಿಗೆ ಆನಿಸಿ, ಮುಂದಿನಿಂದ ಇನ್ನೊಂದರಿಂದ ಬಡಿಯುತ್ತಾರೆ. ಇದರಿಂದ ಎರಡು ಬಗೆಯ ಎಡವಟ್ಟು. ಕಮ್ಮಿ ಕೂತರೆ ಕ್ಲಿಪ್ಪು ಗೀರಿನೊಳಗೆ ಪೂರ್ತಿ ಇಳಿಯದೆ ಮೇಲೇ ಕೂತು, ದೇವಿಮನೆ ಘಾಟಿಯಲ್ಲಿ ಎಲ್ಲೋ ಹಾರಿಹೋಗುತ್ತದೆ. ಬಿಚ್ಚಿಕೊಂಡ ಚೈನು ಮುಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಇಂಜಿನ್ ಕೇಸೇ ಒಡೆಯಬಹುದು. ಜಾಸ್ತಿ ಕೂತರೆ ರಬ್ಬರ್ ಜಜ್ಜಿ ಆ ಒಂದು ಕೊಂಡಿ ಮಡಚುವುದಿಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಸುತ್ತಿಗೊಮ್ಮೆ ಕುಣಿಯುವುದು ಅದೇ ಕೊಂಡಿ.

ಸರಿಯಾದ ಕ್ರಮಕ್ಕೆ ಬೇಕಾದದ್ದು ಮರಗೆಲಸದವರ ಸಣ್ಣ ಸಿ-ಕ್ಲ್ಯಾಂಪು, ಪಿನ್ನಿನ ತುದಿ ಒಳಗೆ ಹೋಗುವಷ್ಟು ತೂತಿನ ಎರಡು ನಟ್ಟು. ಪ್ಯಾಕೆಟಿನಲ್ಲಿ ಬಂದ ಗ್ರೀಸನ್ನು ಪಿನ್ನಿಗೂ ನಾಲ್ಕೂ ಬಳೆಗೂ ಬಳಿಯಿರಿ. ಲಾಕನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲಿನ ಮೇಲೇ ಕೂರಿಸಿ ಹೊರ ಪ್ಲೇಟು ಇಡಿ. ಒಂದೊಂದು ಪಿನ್ನಿನ ಮೇಲೆ ಒಂದೊಂದು ನಟ್ಟು ಇಟ್ಟು, ಕ್ಲ್ಯಾಂಪಿನಿಂದ ಇಲ್ಲಿ ಕಾಲು ಸುತ್ತು, ಅಲ್ಲಿ ಕಾಲು ಸುತ್ತು ಅಂತ ಸರದಿಯಲ್ಲಿ ಒತ್ತಿ. ಗೀರು ಪೂರ್ತಿ ಕಂಡ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದು ಎಳೆಯೂ ಮುಂದೆ ಹೋಗಬೇಡಿ. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ: ಲಾಕು ಮೇಲಿನ ಸಾಲಿನಲ್ಲಿದ್ದರೆ ಗಾಡಿಯ ಮುಂದಕ್ಕೆ. ಕ್ಲಿಪ್ ಕೂತ ಮೇಲೆ ಪ್ಲೇಟನ್ನು ಇಕ್ಕಳದಿಂದ ಚೂರೇ ಚೂರು ಹೊರಕ್ಕೆ, ಕ್ಲಿಪ್ಪಿಗೆ ತಾಗುವಷ್ಟು ಎಳೆದರೆ ಕೊಂಡಿ ಸಲೀಸಾಗುತ್ತದೆ. ಎರಡನೇ ಸಲಕ್ಕೆ ಹತ್ತು ನಿಮಿಷದ ಕೆಲಸ. ಮೊದಲನೇ ಸಲ ಒಂದು ತಾಸು ಹಿಡಿದರೂ ಬೇಸರ ಬೇಡ.

ಸಾದಾ ಚೈನಿನ ಲಾಕು ಇದಕ್ಕೆ ಆಗುವುದಿಲ್ಲ, ಪಿನ್ನು ಗಿಡ್ಡ. ದಾರಿಯಲ್ಲಿ ಕಳೆದರೆ 428 ಸಾದಾ ಲಾಕು ಯಾವ ಸಣ್ಣ ಊರಲ್ಲೂ ಸಿಗುತ್ತದೆ, ಓ-ರಿಂಗ್ ಲಾಕಿಗೆ ಅಂಗಡಿ ಅಂಗಡಿ ತಿರುಗಬೇಕು. ಸೆಟ್ ತರುವಾಗಲೇ ಅದೇ ಚೈನಿನ ಇನ್ನೊಂದು ಲಾಕು ತಂದಿಡಿ. ಚೈನಿನ ಅಗಲವೂ ಸಾದಾದ್ದಕ್ಕಿಂತ ಎರಡು ಮೂರು ಮಿಮೀ ಹೆಚ್ಚು, ಮುಂದಿನ ಕವರಿಗೆ ತಾಗುತ್ತದೆಯೇ ಅಂತ ನೋಡಿಯೇ ಬೋಲ್ಟು ಬಿಗಿಯಿರಿ.

ಯಾವ ಸೆಟ್ಟೇ ಆಗಲಿ, ಹಳೇ ಚೈನ್ ಬಿಚ್ಚುವ ಮೊದಲೇ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು ಸಡಿಲಿಸಿಕೊಳ್ಳಿ. ಗೇರಿನಲ್ಲಿಟ್ಟು ಹಿಂದಿನ ಬ್ರೇಕ್ ಒತ್ತಿದರೆ ಶಾಫ್ಟು ತಿರುಗುವುದಿಲ್ಲ. ಚೈನ್ ತೆಗೆದ ಮೇಲೆ ಬ್ರೇಕಿನ ಹಿಡಿತ ಸಿಗುವುದಿಲ್ಲ. ಬಹಳಷ್ಟು ಹಳೇ ಗಾಡಿಗಳಲ್ಲಿ ಇವು 10 ನಂಬರಿನ ಎರಡು ಸಣ್ಣ ಬೋಲ್ಟು, ಸಮುದ್ರದ ಗಾಳಿಗೆ ತುಕ್ಕು ಕಚ್ಚಿರುತ್ತವೆ, ಓಪನ್ ಪಾನಾ ಹಾಕಿದರೆ ತಲೆ ಉರುಟಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು ಬಾಕ್ಸ್ ಪಾನಾದಲ್ಲೇ ತಿರುಗಿಸಿ. ಹಿಂದಿನ ಚಕ್ರ ಇಳಿಸಿದಾಗ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಹೊಡೆತ ತಡೆಯುವ ಕಪ್ಲಿಂಗ್ ರಬ್ಬರನ್ನೂ ನೋಡಿ. ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಕಟಕ್ ಕಟಕ್ ಅಂತ ಆಡುತ್ತದೆ ಅಂದರೆ ಬದಲಿಸಿ, ಇಲ್ಲದಿದ್ದರೆ ಹೊಸ ಚೈನಿಗೂ ಹಳೇ ಹೊಡೆತವೇ. ಚೈನ್ ಸಡಿಲ ಡಬಲ್ ಸ್ಟ್ಯಾಂಡಿನಲ್ಲಿ ಕೆಳಸಾಲಿನ ನಡುವೆ 25-30 ಮಿಮೀ. ಹಳೇ ಗಾಡಿಯ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದ ಕವಲು) ಗುರುತಿನ ಗೆರೆಗಳನ್ನು ನಂಬಬೇಡಿ, ಎರಡೂ ಬದಿ ಪಿವಟ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಟೇಪು ಹಿಡಿದು ಎರಡೂ ಅಳತೆ ಸಮ ಮಾಡಿ. ಮೊದಲ 300 ಕಿಮೀ ಆದ ಮೇಲೆ ಇನ್ನೊಮ್ಮೆ ಸಡಿಲ ನೋಡಬೇಕು.

ಘಾಟಿಗೆ ಒಳ್ಳೆಯದು ಅಂತ ಮುಂದೆ ಒಂದು ಹಲ್ಲು ಕಮ್ಮಿಯ ಸ್ಪ್ರಾಕೆಟ್ ಕೊಡುವವರಿದ್ದಾರೆ. 15ರ ಬದಲು 14 ಹಾಕಿದರೆ ಅದೇ ವೇಗಕ್ಕೆ ಇಂಜಿನ್ ನೂರಕ್ಕೆ ಏಳರಷ್ಟು ಹೆಚ್ಚು ತಿರುಗಬೇಕು. ಹೆದ್ದಾರಿಯವರಿಗೆ ಬೇಡದ ಉಸಾಬರಿ.

ಸಿರ್ಸಿ ಕಡೆಯವರ ಲೆಕ್ಕ ಬೇರೆ. ಗಾಡಿ ಸ್ಪ್ಲೆಂಡರ್ ತರಹದ್ದು, ಚೈನಿಗೆ ಪೂರ್ತಿ ಕವರ್ ಇದೆ, ಪೇಟೆ ಮತ್ತು ತೋಟದ ನಡುವೆ ದಿನಕ್ಕೆ ಹತ್ತು ಕಿಮೀ ಓಡಾಟ ಅಂದರೆ ಸಾದಾ ಸೆಟ್ಟೇ ಸಾಕು. ಕವರಿನೊಳಗೆ ಕೆಸರು ಹೋಗುವುದೇ ಕಮ್ಮಿ, ಉಳಿದ ಒಂಬೈನೂರು ರೂಪಾಯಿಗೆ ಕಪ್ಲಿಂಗ್ ರಬ್ಬರು, ಬ್ರೇಕ್ ಶೂ ಎರಡೂ ಬರಬಹುದು. ಗಾಡಿ ಮುಂದಿನ ವರ್ಷ ಮಾರುವವರಿಗೂ ಸಾದಾದ್ದೇ. ಉಳಿದ ನಮ್ಮಂಥವರು, ಅಂದರೆ ಕಾರವಾರದ ಹತ್ತಿರದ ಬಿಣಗಾದ ಆಚೆ ಉಪ್ಪು ಗಾಳಿಯಲ್ಲಿ ಓಡಿಸುತ್ತ ಎಣ್ಣೆ ಡಬ್ಬಿ ಎಲ್ಲಿಟ್ಟೆ ಅಂತ ತಿಂಗಳಿಗೊಮ್ಮೆ ಹುಡುಕುವವರು, ಓ-ರಿಂಗ್ ಸೆಟ್ಟಿನ ಜೊತೆ ಒಂದು ಸಿ-ಕ್ಲ್ಯಾಂಪೂ ಕೊಂಡು, ಹೆಚ್ಚಿನ ಲಾಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳುವುದು.