ರೈಜೋಬಿಯಂ ಪೊಟ್ಟಣ: ಸೋಯಾಗೆ ಸೈ, ಅಲಸಂದೆಗೆ ಅಷ್ಟಕ್ಕಷ್ಟೆ

ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಜೀವಾಣು ರೈಜೋಬಿಯಂ. ಬಿತ್ತುವ ಮುನ್ನ ಬೀಜಕ್ಕೆ ಲೇಪಿಸುವ ಈ ಸರಕು ಮಂಡ್ಯ, ಮದ್ದೂರು ಕಡೆ ಗೊಬ್ಬರದಂಗಡಿಗಳಲ್ಲಿ ಎರಡು ರೂಪದಲ್ಲಿ ಸಿಗುತ್ತದೆ: ಲಿಗ್ನೈಟ್ ಪುಡಿಗೆ ಬೆರೆಸಿದ 200 ಗ್ರಾಂ ಪೊಟ್ಟಣ, ಇಲ್ಲವೇ ದ್ರವದ ಬಾಟಲಿ. ಬೆಲೆ ಅಗ್ಗ. ಹಾಗಾಗಿ ‘ಇರಲಿ ಬಿಡಿ’ ಎಂದು ಅವರೆಗೂ ಸೋಯಾಗೂ ಒಂದೇ ಪೊಟ್ಟಣ ಒಯ್ಯುವವರೇ ಹೆಚ್ಚು. ಎಡವಟ್ಟಾಗುವುದು ಅಲ್ಲೇ. ಈ ಸರಕಿನಿಂದ ಫಲ ಸಿಗುವುದೋ ಇಲ್ಲವೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಹೊಲದಲ್ಲಿ ಮೊದಲೇ ಬೀಡುಬಿಟ್ಟಿರುವ ಜೀವಾಣುಗಳು.

ಲೆಕ್ಕ ಹಾಕಿ ನೋಡಿ. ರಸಗೊಬ್ಬರ ನಿಯಂತ್ರಣ ಆದೇಶದಂತೆ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಅಂದರೆ 200 ಗ್ರಾಂಗೆ 1000 ಕೋಟಿ. ಇದನ್ನು 10 ಕಿಲೋ ಸೋಯಾ ಬೀಜಕ್ಕೆ, ಅಂದರೆ ಹೆಚ್ಚುಕಡಿಮೆ 80 ಸಾವಿರ ಕಾಳಿಗೆ ಹಂಚಿದರೆ ಕಾಳೊಂದಕ್ಕೆ ಲಕ್ಷದ ಆಸುಪಾಸು. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಅಮೆರಿಕದಲ್ಲಿ ಸೋಯಾ ಮೇಲೆ ನಡೆದು 1974ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ, ಅರ್ಧದಷ್ಟು ಬೇರುಗಂಟುಗಳಾದರೂ ನಾವು ಹಾಕಿದ ಜೀವಾಣುವಿನದ್ದಾಗಬೇಕಿದ್ದರೆ ಗ್ರಾಂ ಮಣ್ಣಿನಲ್ಲಿರುವ ಸ್ಥಳೀಯ ರೈಜೋಬಿಯಂನ ಸಾವಿರ ಪಟ್ಟು ಜೀವಾಣುವನ್ನು ಕಾಳೊಂದಕ್ಕೆ ಹಾಕಬೇಕು. ಮಣ್ಣಿನಲ್ಲಿ ಗ್ರಾಂಗೆ ಸಾವಿರ ಇದ್ದರೆ ಬೇಕಾಗುವುದು 10 ಲಕ್ಷ. ಪೊಟ್ಟಣ ಕೊಡುವುದು ಒಂದು ಲಕ್ಷ. ಹವಾಯಿಯಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗಗಳಂತೂ ಇನ್ನೂ ಖಡಕ್: ಗ್ರಾಂ ಮಣ್ಣಿಗೆ 50 ಸ್ಥಳೀಯ ಜೀವಾಣು ಇದ್ದರೂ ಲೇಪನದ ಲಾಭ ಕಾಣದೆ ಹೋಗಬಹುದು.

ಅಲಸಂದೆ, ಹೆಸರು, ಉದ್ದು, ಹುರುಳಿ, ತೊಗರಿ, ಅವರೆ, ಕಡಲೆಕಾಯಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಳಗದ ಬ್ರ್ಯಾಡಿರೈಜೋಬಿಯಂ (ರೈಜೋಬಿಯಂನ ಹತ್ತಿರದ ನೆಂಟ) ಜೊತೆ ಗಂಟು ಕಟ್ಟುತ್ತವೆ. ತಲೆಮಾರುಗಳಿಂದ ಹುರುಳಿ, ಅವರೆ ಬೆಳೆದ ಕೆಮ್ಮಣ್ಣಿನ ಹೊಲದಲ್ಲಿ ಆ ಬಳಗಕ್ಕೆ ಬರವಿಲ್ಲ. ಅಲ್ಲಿಗೆ ಪೊಟ್ಟಣ ಹಾಕುವುದು ತುಂಬಿದ ಬಸ್ಸಿಗೆ ಇನ್ನೂ ನಾಲ್ಕು ಜನ ಹತ್ತಿಸಿದಂತೆ. ಸೋಯಾ ಬೇಡುವ ಬ್ರ್ಯಾಡಿರೈಜೋಬಿಯಂ ಜಪಾನಿಕಮ್, ಕಡಲೆ ಬೇಡುವ ಮೀಸೋರೈಜೋಬಿಯಂ ಬೇರೆ ಜಾತಿಯವು. ಕಬ್ಬಿನ ನಡುವೆ ಮೊದಲ ಸಲ ಸೋಯಾ ಹಾಕುವವರು ಪೊಟ್ಟಣ ಬಿಡಲೇಬಾರದು. ಆದರೆ ಅದರ ಮೇಲೆ ‘ಸೋಯಾ’ ಎಂದೇ ಅಚ್ಚಾಗಿರಬೇಕು. ‘ಎಲ್ಲ ದ್ವಿದಳಕ್ಕೂ’ ಎಂದು ಕೊಟ್ಟರೆ ವಾಪಸ್ ಕೊಡಿ.

ಸ್ಥಳೀಯ ಜೀವಾಣು ಬೇಕಾದಷ್ಟಿದ್ದೂ ಸೋಮಾರಿಗಳಾಗಿರುವುದುಂಟು. ಗಂಟು ಕಟ್ಟುತ್ತವೆ, ಸಾರಜನಕ ಹಿಡಿದುಕೊಡುವುದು ಮಾತ್ರ ಕಡಿಮೆ. ಕಂಡುಹಿಡಿಯಲು ಹೊಲದ ಮೂಲೆಯಲ್ಲಿ ಮೂರು ಪಟ್ಟಿ ಸಾಕು: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಗುಂಟೆಗೆ ಒಟ್ಟು 2 ಕಿಲೋ ಲೆಕ್ಕದಲ್ಲಿ ಎರಡು ಕಂತಿನಲ್ಲಿ ಯೂರಿಯಾ, ಇನ್ನೊಂದಕ್ಕೆ ರೈಜೋಬಿಯಂ. ಲೇಪನವಿಲ್ಲದ ಬೀಜ ಮೊದಲು ಬಿತ್ತಿ, ಇಲ್ಲದಿದ್ದರೆ ಕೈಗೆ ಮೆತ್ತಿದ ಪುಡಿಯೇ ಪರೀಕ್ಷೆ ಕೆಡಿಸುತ್ತದೆ. 35–45 ದಿನಕ್ಕೆ ಗಿಡವನ್ನು ಕೀಳದೆ ಗುದ್ದಲಿಯಲ್ಲಿ ಅಗೆದು ತೆಗೆಯಿರಿ (ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ), ಬೇರು ತೊಳೆದು ಗಂಟು ಸೀಳಿ. ಒಳಗೆ ಗುಲಾಬಿಗೆಂಪು ಇದ್ದರೆ ಕೆಲಸ ನಡೆದಿದೆ; ಬಿಳಿ, ಹಸಿರು ಇದ್ದರೆ ಇಲ್ಲ. ಏನೂ ಹಾಕದ ಪಟ್ಟಿಯಲ್ಲೇ ಗಂಟು ಕೆಂಪಗಿದ್ದು ಗಿಡ ಯೂರಿಯಾ ಪಟ್ಟಿಯಷ್ಟೇ ಹಸಿರಾಗಿದ್ದರೆ ಮುಂದಿನ ವರ್ಷ ಪೊಟ್ಟಣ ಬೇಡ. ಯೂರಿಯಾ ಪಟ್ಟಿಯೂ ಸೊರಗಿದ್ದರೆ ಕೊರತೆ ರಂಜಕದ್ದೋ ನೀರಿನದ್ದೋ, ಜೀವಾಣುವಿನದ್ದಲ್ಲ.

ಹಾಕುವುದೇ ಆದರೆ ನೆಟ್ಟಗೆ ಹಾಕಿ. ಶೇ 10ರ ಬೆಲ್ಲದ ನೀರು ಕುದಿಸಿ ಪೂರ್ತಿ ಆರಿಸಿ. ಬಿಸಿಯಿದ್ದಾಗಲೇ ಪುಡಿ ಸುರಿದರೆ ಅಲ್ಲಿಗೆ ಕಥೆ ಮುಗಿಯಿತು. ಪುಡಿ ಕಲಸಿ 10 ಕಿಲೋ ಬೀಜಕ್ಕೆ ಸವರಿ, ಸಿಪ್ಪೆ ಸುಲಿಯದಂತೆ ಹಗುರಾಗಿ ಆಡಿಸಿ, ಗೋಣಿಯ ಮೇಲೆ ನೆರಳಲ್ಲಿ ಅರ್ಧ ಗಂಟೆ ಆರಿಸಿ ಅವತ್ತೇ ಬಿತ್ತಿ. ಶಿಲೀಂಧ್ರನಾಶಕ ಬೇಕಿದ್ದರೆ ಮೊದಲು ಅದು, ಆಮೇಲೆ ಕೀಟನಾಶಕ, ಕೊನೆಗೆ ರೈಜೋಬಿಯಂ. ಥೈರಾಮ್, ಕ್ಯಾಪ್ಟಾನ್, ತಾಮ್ರದ ಔಷಧಿ ಇದಕ್ಕೆ ಶತ್ರು. ಭತ್ತಕ್ಕೆ ಸುರಿದ ಸಾರಜನಕ ಗದ್ದೆಯಲ್ಲಿ ಉಳಿದಿದ್ದರೂ ಗಂಟು ಕಟ್ಟುವುದು ಕುಗ್ಗುತ್ತದೆ. ಅದು ಪೊಟ್ಟಣದ ತಪ್ಪಲ್ಲ.

ಪುಡಿಯೋ ದ್ರವವೋ ಎಂದರೆ ನಮ್ಮ ಮತ ದ್ರವಕ್ಕೆ. ಮಾನದಂಡವೇ ಮಿಲಿಲೀಟರಿಗೆ 10 ಕೋಟಿ, ಬಾಳಿಕೆಯೂ ಹೆಚ್ಚು. ಆದರೆ ಯಾವ ರೂಪದ್ದಾದರೂ ಮಾರ್ಚ್–ಏಪ್ರಿಲ್‌ನ ತಗಡಿನ ಶೆಡ್ಡಿನಲ್ಲಿ ಯೂರಿಯಾ ಮೂಟೆಯ ಪಕ್ಕ ಬೆಂದಿದ್ದರೆ ಲೇಬಲ್ಲಿನ ಅಂಕಿಗೆ ಬೆಲೆಯಿಲ್ಲ. ತಯಾರಿಕೆಯ ದಿನಾಂಕ ನೋಡಿ, ಅಂಗಡಿಯವರು ಎಲ್ಲಿಂದ ತೆಗೆದುಕೊಡುತ್ತಾರೆ ಎಂಬುದನ್ನೂ ನೋಡಿ. ಅನುಮಾನ ಬಂದರೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಬೆಳೆಯ ಹೆಸರು ಹೇಳಿ ವಿಚಾರಿಸಿ.