ಎಕ್ಲಿಪ್ಸ್ ಟರ್ಬೋಗೆ ಯಾವ ಫ್ಯೂಯೆಲ್ ಕಂಟ್ರೋಲರ್? ಎಸ್‌ಎಎಫ್‌ಸಿ, ಇಸಿಎಂಲಿಂಕ್ ಎರಡನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ

ನನ್ನದು 1995ರ ಮಿತ್ಸುಬಿಷಿ ಎಕ್ಲಿಪ್ಸ್ ಜಿಎಸ್‌ಎಕ್ಸ್. 2 ಲೀಟರಿನ 4ಜಿ63 ಟರ್ಬೋ ಎಂಜಿನ್, ನಾಲ್ಕೂ ಚಕ್ರಕ್ಕೆ ಪವರ್, ಕಂಪನಿ ಲೆಕ್ಕದಲ್ಲಿ 210 ಹಾರ್ಸ್‌ಪವರ್. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆಗ ಕಾರು ಗ್ಯಾರೇಜಿನಲ್ಲೇ ಇರುತ್ತದೆ. ಉಳಿದ ತಿಂಗಳು ಆಫೀಸಿಗೂ ಇದೇ, ತರಕಾರಿಗೂ ಇದೇ. ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗಬೇಕು, ಸಿಗ್ನಲ್‌ನಲ್ಲಿ ಆಫ್ ಆಗಬಾರದು, ಎಂಜಿನ್ ಬಾಳಬೇಕು. ರೇಸ್ ಟ್ರ್ಯಾಕಿಗೆ ಹೋಗುವವರ ಲೆಕ್ಕ ಬೇರೆ ಇರಬಹುದು.

ಎಂಜಿನ್‌ಗೆ ಹೋಗುವ ಪೆಟ್ರೋಲಿನ ಲೆಕ್ಕ ತಿದ್ದುವ ಈ ಕಂಟ್ರೋಲರ್ ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಕಾರಿನ ಜೊತೆ ಬಂದ ಟಿ25 ಟರ್ಬೋ ಚಿಕ್ಕದು, ಮೇಲಿನ ಆರ್‌ಪಿಎಂನಲ್ಲಿ ಉಸಿರು ಸಾಲುವುದಿಲ್ಲ. ಅದನ್ನು ತೆಗೆದು 16ಜಿ ಅನ್ನುವ ದೊಡ್ಡ ಟರ್ಬೋ ಹಾಕಿಸಿದೆ. ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಜಾಸ್ತಿ ಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಿಮಿಷಕ್ಕೆ 450 ಸಿಸಿಯದು, ಅದನ್ನು ತೆಗೆದು 660 ಸಿಸಿ ಹಾಕಿದ್ದಾಯಿತು, ದೊಡ್ಡ ಪಂಪ್ ಕೂಡ ಬಂತು. ಆದರೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಈ ಸುದ್ದಿಯೇ ಗೊತ್ತಿಲ್ಲ. ಹಳೇ ಇಂಜೆಕ್ಟರ್ ಅಂದುಕೊಂಡೇ ಅಷ್ಟೇ ಹೊತ್ತು ತೆರೆದಿಡುತ್ತದೆ. ಪೆಟ್ರೋಲ್ ವಿಪರೀತ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಕಾರು ಮುಗ್ಗರಿಸುತ್ತದೆ.

ಮೊದಲು ಹಾಕಿಸಿದ್ದು ಎಪೆಕ್ಸಿ ಕಂಪನಿಯ ಎಸ್‌ಎಎಫ್‌ಸಿ-2. ಡ್ಯಾಶ್‌ಬೋರ್ಡಿನಲ್ಲಿ ಕೂರುವ ಪುಟ್ಟ ಜಪಾನಿ ಡಬ್ಬಿ. ಸ್ಕ್ರೀನ್ ಚೆನ್ನಾಗಿದೆ, ಬಟನ್ ಒತ್ತಿದರೆ ಕೆಲಸ ಆಗುತ್ತದೆ, ಲ್ಯಾಪ್‌ಟಾಪ್ ಬೇಕಿಲ್ಲ. ನನ್ನ ಹತ್ತಿರ ಇದ್ದಷ್ಟು ಕಾಲ ಡಬ್ಬಿ ಒಮ್ಮೆಯೂ ಕೈಕೊಡಲಿಲ್ಲ. ಅದರ ತಯಾರಿಕೆಗೆ ಪೂರ್ತಿ ಅಂಕ.

ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಆಯ್ಕೆಯೆಲ್ಲ ನಿಂತಿರುವುದು ಅದರ ಮೇಲೆ. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತಿದೆ ಅಂತ ಅಳೆಯುವ ಈ ಕಾರಿನ ಏರ್‌ಫ್ಲೋ ಸೆನ್ಸರ್ ಕಾರ್ಮನ್ ಜಾತಿಯದು. ಒಳಗೆ ಗಾಳಿಗೆ ಅಡ್ಡವಾಗಿ ಒಂದು ಕಂಬಿ ಇದೆ. ಗಾಳಿ ಅದನ್ನು ದಾಟುವಾಗ ಹಿಂದೆ ಸುಳಿಗಳು ಏಳುತ್ತವೆ. ಸೆಕೆಂಡಿಗೆ ಎಷ್ಟು ಸುಳಿ ಅಂತ ಎಣಿಸಿ ಸೆನ್ಸರ್ ಇಸಿಯುಗೆ ಹೇಳುತ್ತದೆ. ಆ ವೈರನ್ನು ಕತ್ತರಿಸಿ ನಡುವೆ ಡಬ್ಬಿಯನ್ನು ಕೂರಿಸುತ್ತಾರೆ. ನೂರು ಸುಳಿ ಬಂದರೆ ಡಬ್ಬಿ ಅರವತ್ತೆಂಟು ಅಂತ ಹೇಳುತ್ತದೆ. 450ನ್ನು 660ರಿಂದ ಭಾಗಿಸಿದರೆ 0.68 ಬರುತ್ತದಲ್ಲ, ಅದೇ ಲೆಕ್ಕ. ಗಾಳಿ ಕಡಿಮೆ ಅಂತ ನಂಬಿದ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಮಿಶ್ರಣ ಸರಿಹೋಯಿತು.

ಆದರೆ ಇಸಿಯು ಆ ಗಾಳಿಯ ಲೆಕ್ಕದಿಂದ ಪೆಟ್ರೋಲನ್ನು ಮಾತ್ರ ನಿರ್ಧರಿಸುವುದಿಲ್ಲ. ಕಿಡಿ ಯಾವಾಗ ಹಾರಬೇಕು ಅನ್ನುವುದನ್ನೂ ಅದರಿಂದಲೇ ನಿರ್ಧರಿಸುತ್ತದೆ. ಗಾಳಿ ಕಡಿಮೆ ಇದ್ದರೆ ಎಂಜಿನ್ ಮೇಲೆ ಭಾರ ಕಡಿಮೆ, ಕಿಡಿ ಮುಂಚೆಯೇ ಹಾರಿದರೂ ತೊಂದರೆ ಇಲ್ಲ ಅನ್ನುವುದು ಅದರ ಟೇಬಲ್. ನಿಜಕ್ಕೂ ಒಳಗೆ ಪೂರ್ತಿ ಬೂಸ್ಟ್, ಅಂದರೆ ಟರ್ಬೋ ತುಂಬಿದ ಗಾಳಿಯ ಒತ್ತಡ ಇರುತ್ತದೆ, ಕಿಡಿಯ ಟೈಮಿಂಗ್ ಮಾತ್ರ ಹಗುರ ಭಾರದ್ದು. ಇದರಿಂದ ನಾಕ್ ಶುರುವಾಗುತ್ತದೆ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹದ ತಪ್ಪಿ ಸಿಡಿದು ಎಂಜಿನ್‌ಗೆ ಪೆಟ್ಟು ಕೊಡುತ್ತದೆ. ಹೊಗೆ ಅಳೆದು ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ನೋಡಿದರೆ 11.2, ಅಂದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 11.2 ಪಾಲು ಗಾಳಿ, ಪಂಪ್ ಪೆಟ್ರೋಲಿಗೆ ಒಳ್ಳೆಯ ಸಂಖ್ಯೆ. ಆದರೂ ಓಡುವಾಗ ದಾಖಲಾದ ಲಾಗ್‌ನಲ್ಲಿ ಟೈಮಿಂಗ್ ಗೆರೆ ಮೇಲೇರಿ ತಟ್ಟನೆ ಕುಸಿಯುತ್ತಿತ್ತು. ನಾಕ್ ಕೇಳಿಸಿ ಇಸಿಯು ಹಿಂದೆ ಸರಿದಿದ್ದಕ್ಕೆ ಅದು ಗುರುತು. ಬೂಸ್ಟ್ ಇಳಿಸಿದರೆ ಮಾತ್ರ ಗೆರೆ ನೇರವಾಗುತ್ತಿತ್ತು. ದೊಡ್ಡ ಟರ್ಬೋ ಹಾಕಿಸಿ ಬೂಸ್ಟ್ ಇಳಿಸಿ ಓಡಿಸುವುದಕ್ಕೆ ಅರ್ಥ ಇಲ್ಲ, ಅಲ್ವಾ?

ಇದನ್ನು ಆ ಒಂದು ಡಬ್ಬಿಯ ದೋಷ ಅನ್ನಲು ಬರುವುದಿಲ್ಲ. ಗಾಳಿಯ ಲೆಕ್ಕವನ್ನು ತಿದ್ದಿ ಪೆಟ್ರೋಲ್ ಬದಲಿಸುವ ಯಾವ ಸಾಧನಕ್ಕೂ ಇದೇ ಹಣೆಬರಹ. ಇಂಜೆಕ್ಟರ್ ಎಷ್ಟು ದೊಡ್ಡದೋ ತಿದ್ದುಪಡಿ ಅಷ್ಟು ಜಾಸ್ತಿ, ಟೈಮಿಂಗ್ ಅಷ್ಟು ಮುಂದೆ. 550 ಸಿಸಿಗೆ ಶೇಕಡಾ 18 ತಿದ್ದಿದರೆ ಸಾಕು, ಅಲ್ಲಿ ಬದುಕಬಹುದು. 660ಕ್ಕೆ ಶೇಕಡಾ 32. ಇನ್ನೊಂದು ವಿಷಯ. ಗಾಳಿ ಮಿತಿ ಮೀರಿದಾಗ ಎಂಜಿನ್ ಉಳಿಸಲು ಇಸಿಯು ಪೆಟ್ರೋಲ್ ನಿಲ್ಲಿಸುವ ವ್ಯವಸ್ಥೆ ಈ ಕಾರಿನಲ್ಲಿದೆ. ತಿದ್ದಿದ ಲೆಕ್ಕದಿಂದ ಅದೂ ಮೋಸಹೋಗುತ್ತದೆ.

ಐಡಲ್, ಅಂದರೆ ಕಾರು ನಿಂತಲ್ಲೇ ಎಂಜಿನ್ ಓಡುವುದರ ಕಥೆ ಬೇರೆ. ಇಂಜೆಕ್ಟರಿಗೆ ಕರೆಂಟ್ ಕೊಟ್ಟ ಕ್ಷಣವೇ ಅದು ತೆರೆಯುವುದಿಲ್ಲ, ಒಂದು ಚೂರು ತಡ ಇದೆ. ಆ ತಡ ಒಂದೊಂದು ಇಂಜೆಕ್ಟರಿಗೂ ಬೇರೆ, ಬ್ಯಾಟರಿ ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ. ಐಡಲ್‌ನಲ್ಲಿ ಇಂಜೆಕ್ಟರ್ ತೆರೆದಿರುವುದೇ ಕೆಲವು ಮಿಲಿಸೆಕೆಂಡು, ಅಲ್ಲಿ ಈ ತಡ ದೊಡ್ಡ ಪಾಲು. ಡಬ್ಬಿಯಲ್ಲಿ ಅದನ್ನು ತಿದ್ದುವ ಜಾಗವೇ ಇಲ್ಲ. ರಾತ್ರಿ ಹೆಡ್‌ಲೈಟ್ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ಶುರುವಾದರೆ ಆರ್‌ಪಿಎಂ ಮುಳ್ಳು ತೂಗಾಡುತ್ತಿತ್ತು.

ವೈರಿಂಗ್ ಬಗ್ಗೆ ಒಂದು ಮಾತು. ನಾನು ಮಾಡಿಸಿದ ಅಂಗಡಿಯವರು ಬೆಸುಗೆ ಹಾಕದೆ, ವೈರಿನ ಮೇಲೆ ಚುಚ್ಚಿ ಕೂರಿಸುವ ಕ್ಲಿಪ್ ಹಾಕಿ ಕಳಿಸಿದ್ದರು. ಬೇಸಿಗೆಯಲ್ಲಿ ಆ ಕ್ಲಿಪ್ ಸಡಿಲಾಗಿ ಏರ್‌ಫ್ಲೋ ಸಿಗ್ನಲ್ ಬಂದು ಹೋಗಿ ಆಗುತ್ತಿತ್ತು, ಎಡಕ್ಕೆ ತಿರುಗುವಾಗ ನಡುರಸ್ತೆಯಲ್ಲಿ ಕಾರು ನಿಂತಿತು. ಹಿಂದಿನಿಂದ ಟ್ರಕ್ ಬರುತ್ತಿತ್ತು. ಯಾರೇ ಕೆಲಸ ಮಾಡಲಿ, ಬೆಸುಗೆ ಹಾಕಿ ಮೇಲೆ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ.

ಈಗ ಕಾರಿನಲ್ಲಿರುವುದು ಇಸಿಎಂಲಿಂಕ್. ಇದಕ್ಕೆ ಬೇರೆ ಡಬ್ಬಿ ಇಲ್ಲ. ಮಿತ್ಸುಬಿಷಿಯದೇ ಇಸಿಯು ಒಳಗಿನ ಚಿಪ್ ಬದಲಿಸಿ, ಲ್ಯಾಪ್‌ಟಾಪ್‌ನಿಂದ ತಿದ್ದುವುದು. ಇಂಜೆಕ್ಟರ್ 660 ಅಂತ ನೇರವಾಗಿ ಹೇಳಬಹುದು, ತೆರೆಯುವ ತಡವನ್ನೂ ಬರೆಯಬಹುದು. ಗಾಳಿಯ ಲೆಕ್ಕ ಹಾಗೇ ಉಳಿಯುತ್ತದೆ, ಟೈಮಿಂಗ್ ಸರಿಯಾದ ಸಾಲಿನಿಂದಲೇ ಬರುತ್ತದೆ. ಪೆಟ್ರೋಲ್ ಬೇರೆ, ಟೈಮಿಂಗ್ ಬೇರೆ; ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದಿಲ್ಲ. ಅದೇ ಟರ್ಬೋ, ಅದೇ 93 ಆಕ್ಟೇನ್ (ನಾಕ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್, ಹಳೇ ಬೂಸ್ಟ್ ವಾಪಸ್ ಕೊಟ್ಟರೂ ನಾಕ್ ಕಾಲಂನಲ್ಲಿ ಸೊನ್ನೆ. ಐಡಲ್ ಹೊಸ ಕಾರಿನ ಹಾಗೆ ನಿಂತಿದೆ. ಲಾಗಿಂಗ್ ಅದರಲ್ಲೇ ಇರುವುದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭ. ಆರ್‌ಪಿಎಂ, ಗಾಳಿ, ಟೈಮಿಂಗ್, ನಾಕ್, ವೈಡ್‌ಬ್ಯಾಂಡ್ ಎಲ್ಲ ಒಂದೇ ಗ್ರಾಫಿನಲ್ಲಿ ಕಾಣುತ್ತವೆ.

ಕಷ್ಟಗಳೂ ಇವೆ. ಕಲಿಯಲು ಹೊತ್ತು ಬೇಕು, ಮೊದಲ ಸಲ ತೆರೆದಾಗ ಟೇಬಲ್‌ಗಳನ್ನು ನೋಡಿ ಗಾಬರಿಯಾಗುತ್ತದೆ. ಖರ್ಚೂ ಡಬ್ಬಿಗಿಂತ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಕೊಳ್ಳುವ ಮೊದಲು ಸ್ಮಾಗ್ ಚೆಕ್ (ಹೊಗೆ ತಪಾಸಣೆ) ನಿಯಮ ಓದಿಕೊಳ್ಳಿ, ಅಲ್ಲಿ ರಾಜ್ಯದ ಅನುಮತಿ ಸಂಖ್ಯೆ ಇಲ್ಲದ ಇಂಥ ಪಾರ್ಟ್ ರಸ್ತೆಯಲ್ಲಿ ನಡೆಯುವುದಿಲ್ಲ.

ಬೆಂಗಳೂರಿನಲ್ಲಿ ಪೋಲೋ ಟಿಎಸ್‌ಐ ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಟ್ಯೂನಿಂಗ್ ಬಾಕ್ಸ್ ಹಾಕಿಸಲಾ ಅಂತ ಕೇಳುತ್ತಿರುತ್ತಾನೆ. ಅವನಿಗೆ ಹೇಳುವುದು ಇಷ್ಟೇ. ಆ ಬಾಕ್ಸ್ ಬೂಸ್ಟ್ ಸೆನ್ಸರಿನ ಮಾತನ್ನು ಕಡಿಮೆ ಮಾಡಿ ಹೇಳುವ ಜಾತಿಯದಾ, ಅಥವಾ ಇಸಿಯುವನ್ನೇ ತಿದ್ದುವುದಾ ಅಂತ ಮೊದಲು ಕೇಳು. ನಾಕ್ ಆದರೆ ಎಲ್ಲಿ ಕಾಣುತ್ತದೆ ಅಂತ ಆಮೇಲೆ ಕೇಳು. ಇಲ್ಲಿನ ಪಂಪ್ ಮೇಲಿನ 93 ಮತ್ತು ಅಲ್ಲಿನ 95 ಒಂದೇ ಅಳತೆ ಅಲ್ಲ ಅನ್ನುವುದೂ ನೆನಪಿರಲಿ. ಅಮೆರಿಕದ್ದು ಎರಡು ಪರೀಕ್ಷೆಗಳ ಸರಾಸರಿ, ಭಾರತದ್ದು ಅವೆರಡರಲ್ಲಿ ಆರ್‌ಒಎನ್ ಅನ್ನುವ ಒಂದರದ್ದೇ ಸಂಖ್ಯೆ. ಇಲ್ಲಿನ 93 ಅಲ್ಲಿಯ ಲೆಕ್ಕದಲ್ಲಿ 97-98ರ ಹತ್ತಿರ ಬರುತ್ತದೆ. ನನ್ನ ಕಾರಿನ ಸಂಖ್ಯೆಗಳನ್ನು ಸುಮ್ನೆ ಎತ್ತಿಕೊಂಡು ಹೋಗಿ ಅಲ್ಲಿ ಹಾಕಬೇಡಿ.

ಇಂಜೆಕ್ಟರ್ 550ರ ಒಳಗೆ, ಬೂಸ್ಟ್ ಕಂಪನಿ ಕೊಟ್ಟಿದ್ದಕ್ಕಿಂತ ಸ್ವಲ್ಪ ಮಾತ್ರ ಮೇಲೆ ಅನ್ನುವವರಿಗೆ ಎಸ್‌ಎಎಫ್‌ಸಿ ಈಗಲೂ ಸಾಕು. ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಜೊತೆಗೆ ವೈಡ್‌ಬ್ಯಾಂಡ್ ಮೀಟರ್ ಮತ್ತು ಟೈಮಿಂಗ್ ತೋರಿಸುವ ಲಾಗರ್ ಇರಲೇಬೇಕು. ಅದಕ್ಕಿಂತ ಮೇಲೆ ಹೋಗುವುದಾದರೆ ದುಡ್ಡು ಕೂಡಿಸಿಕೊಂಡು ಇಸಿಎಂಲಿಂಕ್‌ಗೇ ಹೋಗಿ. ಆದರೆ ಅದು ಎಲ್ಲ ಇಸಿಯುಗೂ ಕೂರುವುದಿಲ್ಲ, ಪ್ರೋಗ್ರಾಂ ಬೇರೆ ಚಿಪ್‌ನಲ್ಲಿದ್ದು ಅದನ್ನು ಬದಲಿಸಲು ಬರುವ ಇಪ್ರಾಮ್ ಬೋರ್ಡೇ ಬೇಕು. 1995ರ ಕಾರುಗಳಲ್ಲೂ ಕೆಲವದರಲ್ಲಿ ಮಾತ್ರ ಅದಿದೆ. ಸೆಕೆಂಡ್‌ಹ್ಯಾಂಡ್ ಇಸಿಯು ಕೊಳ್ಳುವಾಗ ಮುಚ್ಚಳ ತೆಗೆದ ಫೋಟೋ ತರಿಸಿಕೊಳ್ಳಿ. ಚಿಪ್ ಇರುವುದನ್ನೂ, ಕೆಪಾಸಿಟರ್ ಸೋರಿ ಬೋರ್ಡ್ ತಿಂದಿಲ್ಲ ಅನ್ನುವುದನ್ನೂ ನೋಡಿಕೊಂಡೇ ದುಡ್ಡು ಕಳಿಸಿ.